ನರ್ಸಬಾಯಿಯ ಪಗಾರದ ಠರಾವು

ಮುಂಬಯಿಯಲ್ಲಿ ಹೊಸ ಮಂತ್ರಿಮಂಡಲ ಬಂದ ವರ್ಷ ಹಾನಗಲ್ಲ ತಾಲೂಕಿಗೆ ಒಂದು ಆರೋಗ್ಯ ಕಮಿಟಿಯೂ ಬಂತು. ಕಮಿಟಿಯಲ್ಲಿ ಒಬ್ಬ ಹೆಣ್ಣುಮಗಳು, ಊರ ಹೊರಗಿನ ಅಸ್ಪೃಶ್ಯರ ಕೇರಿಯವನೊಬ್ಬ ಇರಲೇಬೇಕೆಂದು ಮೇಲಿನಿಂದ ಹುಕುಂ ಆಗಿತ್ತು. ಅಧ್ಯಕ್ಷನಾಗುವ ಮೊದಲೇ ಅಧ್ಯಕ್ಷನ ಕೋಟು ಹೊಲಿಸಿಕೊಂಡಿದ್ದ ಅಕ್ಕಿಆಲೂರಿನ ಸಾಹುಕಾರ ಕರಿಬಸಪ್ಪನಿಗೆ ಇದೇನೂ ತೊಡಕೆನಿಸಲಿಲ್ಲ. ಹೆಣ್ಣುಮಗಳ ಜಾಗಕ್ಕೆ ತೀರಿಹೋದ ಅಣ್ಣನ ಹೆಂಡತಿ ಹಾಲವ್ವನ ಹೆಸರು ಬರೆಸಿದ. ಕೇರಿಯ ಜಾಗಕ್ಕೆ ತನ್ನ ಹೊಲದಲ್ಲೇ ದುಡಿಯುವ ಗುಡ್ಡಪ್ಪನ ಹೆಸರು ಬರೆಸಿದ. ಎರಡೂ ಕೈ ತನ್ನವೇ ಎಂದು ಅವನ ನಂಬಿಕೆ.

“ವೈನಿ, ನೀವೇನೂ ಮಾತಾಡೂದು ಬ್ಯಾಡ. ನಾ ಕೈ ಎತ್ತಿದಾಗ ನೀವೂ ಎತ್ರಿ, ಸಾಕು” ಎಂದ.

“ನೀ ತಲಿ ಕೆರಕೊಳ್ಳಾಕ ಎತ್ತಿದ್ರ?” ಎಂದು ಹಾಲವ್ವ ಕೇಳಿದಳು.

ಕರಿಬಸಪ್ಪ ನಕ್ಕ. ಮನೆಯ ಹೆಣ್ಣುಮಗಳ ಚೇಷ್ಟೆ ಎಂದುಕೊಂಡ. ಆದರೆ ಹಾಲವ್ವ ಕಮಿಟಿಗೆ ಹೋಗಲು ಒಪ್ಪಿದ್ದು ಚೇಷ್ಟೆಗಲ್ಲ. ಹಿಂದಿನ ಮಳೆಗಾಲದಲ್ಲಿ ಅವಳ ಮಗಳು ಸರೋಜವ್ವ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಕೂಸು ಅಡ್ಡ ತಿರುಗಿತ್ತು. ಊರಿನ ಮುದುಕಿಯರು ಕೈಚೆಲ್ಲಿದ ಮೇಲೆ ಡಾಕ್ಟರರ ಕಡೆಗೆ ಚಕ್ಕಡಿ ಹೂಡಿದರು. ಕೆಸರಿನಲ್ಲಿ ಗಾಲಿ ಹೂತುಕೊಂಡಿತು. ಗಂಡಸರು ಗಾಲಿ ಎತ್ತುತ್ತಿರುವಾಗಲೇ ಸರೋಜವ್ವ ತಾಯಿಯ ತೊಡೆಯ ಮೇಲೆ ಜೀವ ಬಿಟ್ಟಳು.

ಕಮಿಟಿಯ ಮುಂದೆ ಇದ್ದ ಕೆಲಸ ಸರಳವಾಗಿತ್ತು. ಬಾಣಂತಿಯರನ್ನು ನೋಡಿಕೊಳ್ಳಲು ತರಬೇತಿಯಾದ ಒಬ್ಬ ನರ್ಸಬಾಯಿಯನ್ನು ನೇಮಿಸಬೇಕು. ಅವಳ ಪಗಾರದ ಅರ್ಧವನ್ನು ಜನ ಕೊಟ್ಟರೆ ಉಳಿದ ಅರ್ಧವನ್ನು ಸರಕಾರ ಕೊಡುತ್ತದೆ. ಇಷ್ಟು ಸರಳವಾದ ಕೆಲಸ ಬಗೆಹರಿಯುವುದು ಅಷ್ಟು ಸುಲಭವಲ್ಲ ಎಂಬುದು ಹಾಲವ್ವನಿಗೆ ಮೊದಲ ಸಭೆಯಲ್ಲೇ ತಿಳಿಯಿತು.

ಸಭೆ ಕಟ್ಟಡದ ಮಾತಿನಿಂದ ಶುರುವಾಯಿತು. ಕಟ್ಟಡ ಯಾರೂ ಕೇಳಿರಲಿಲ್ಲ. ಆದರೂ ಕರಿಬಸಪ್ಪ ಶಿಗ್ಗಾಂವಿಯಿಂದ ಕಲ್ಲುಕುಟಿಗನನ್ನು ಕರೆಸಿ ತನ್ನ ಹೆಸರಿನ ಕಲ್ಲು ಕೆತ್ತಲು ಹೇಳಿಬಿಟ್ಟಿದ್ದ. ಅಕ್ಕಿಆಲೂರಿನವನೇ ಆದ ಅಕ್ಕಿ ಮಿಲ್ಲಿನ ಮಾಲೀಕ ಪರಮೇಶಪ್ಪ, ಕರಿಬಸಪ್ಪನ ಕಲ್ಲು ನೆಟ್ಟ ಕಡೆ ತಾನು ನೀರೂ ಕುಡಿಯುವುದಿಲ್ಲ ಎಂದ. ಹಾನಗಲ್ಲಿನ ಜವಳಿ ವ್ಯಾಪಾರಿ ಶಹಾಬುದ್ದೀನ ಇಬ್ಬರ ನಡುವೆ ಎಲೆಯಡಿಕೆಯ ತಟ್ಟೆ ಸರಿಸುತ್ತ ಕುಳಿತಿದ್ದ. ಗುಡ್ಡಪ್ಪನಿಗೆ ಬಾಗಿಲ ಹತ್ತಿರ ಬೇರೆ ಬೆಂಚು. ಮಾತು ಕಿಟಕಿಗೆ ಎಷ್ಟು ಸರಳು ಎಂಬಲ್ಲಿಗೆ ಬಂದಾಗ ಹಾಲವ್ವ ಬಾಯಿ ತೆರೆದಳು.

“ಕಟ್ಟಡ ಹೆರಿಗಿ ಮಾಡಸ್ತೈತೇನ್ರಿ? ನರ್ಸಬಾಯಿ ಪಗಾರದ ಮಾತು ಯಾವಾಗ?”

ಪರಮೇಶಪ್ಪ ತಾಳ್ಮೆಯಿಂದ ತಿಳಿಸಿ ಹೇಳಿದ. “ಅಕ್ಕಾರ, ಗ್ವಾಡಿಗೆ ಕೊಟ್ರ ಗ್ವಾಡಿ ಮ್ಯಾಲ ನಮ್ಮ ಹೆಸರು ಇರತೈತಿ. ಪಗಾರಕ್ಕ ಕೊಟ್ರ ನರ್ಸಬಾಯಿ ಉಂಡು ಮುಗಸ್ತಾಳ. ಹೆಸರು ಆಕಿ ಹೊಟ್ಟಿ ಮ್ಯಾಲ ಬರಸೂನೇನು? ಅಲ್ಲದ, ತರಬೇತಿ ಆದಾಕಿನ ಯಾಕ ಬೇಕು? ನಮ್ಮ ಗುಮಾಸ್ತನ ಅತ್ತಿ ಕಡಿಮಿ ಪಗಾರಕ್ಕ ಬರ್ತಾಳ. ಆಕಿಗೂ ಎರಡು ಕೈ ಅದಾವು.”

“ನಿಮ್ಮ ಮಿಲ್ಲಿನ ಇಂಜಿನ್ನ ಕೆಟ್ಟಾಗ ಹುಬ್ಬಳ್ಳಿ ಮೇಸ್ತ್ರಿನ ಯಾಕ ಕರಸಿದ್ರಿ? ಗುಮಾಸ್ತನ ಅತ್ತಿಗೆ ಆವತ್ತ ಕೈ ಇರಲಿಲ್ಲೇನು?”

ಶಹಾಬುದ್ದೀನನ ಬಾಯಿಂದ ಎಲೆಯಡಿಕೆ ಸಿಡಿಯಿತು. ಕರಿಬಸಪ್ಪ ಅವಸರದಲ್ಲಿ ಸಭೆ ಮುಂದೂಡಿ ಚಹಾ ತರಿಸಿದ. ಠರಾವು ಬರೆಯುವ ಪುಸ್ತಕದಲ್ಲಿ ‘ಕಟ್ಟಡದ ಕುರಿತು ವಿಚಾರವಿನಿಮಯ ಸಂತೋಷಕರವಾಗಿ ನಡೆಯಿತು’ ಎಂದು ಬರೆಸಿದ.

ಹೀಗೆ ಸುಗ್ಗಿ ಮುಗಿಯುವವರೆಗೂ ಸಂತೋಷಕರವಾಗಿ ನಡೆಯಿತು. ಪಗಾರದ ವಿಷಯ ಪ್ರತಿ ಸಲವೂ ಊಟದ ನಂತರಕ್ಕೆ ಬೀಳುತ್ತಿತ್ತು. ಊಟಕ್ಕೆ ಹೋಳಿಗೆ ಇರುತ್ತಿತ್ತು. ಹೋಳಿಗೆ ಉಂಡ ಕಮಿಟಿಗೆ ಯಾವ ತಾಯಿಯ ನೋವೂ ಎಚ್ಚರ ತರಿಸುತ್ತಿರಲಿಲ್ಲ.

ಕಡೆಗೆ ಹಾಲವ್ವ ಸಭೆಯಲ್ಲಿ ಮಾತಾಡುವುದನ್ನು ಬಿಟ್ಟು ಸಭೆಯ ಹೊರಗೆ ಮಾತಾಡತೊಡಗಿದಳು. ಮೊದಲು ಕಚೇರಿಯ ಹೊರಗಿನ ಬೇವಿನ ಮರದ ಕೆಳಗೆ ಗುಡ್ಡಪ್ಪನನ್ನು ನಿಲ್ಲಿಸಿದಳು.

“ಗುಡ್ಡಪ್ಪ, ಪಗಾರದ ಠರಾವಿಗೆ ನೀ ಕೈ ಎತ್ತತೀಯೇನು?”

ಅವನು ಕಚೇರಿಯ ಬಾಗಿಲ ಕಡೆ ಒಮ್ಮೆ ನೋಡಿದ. “ಸಾಹುಕಾರ ಹೊಲದ ಕೆಲಸ ಬಿಡಸ್ತಾರ್ರಿ ಅವ್ವಾರ. ಬಿಡಸಲಿ, ಎತ್ತತೇನಿ. ಆದ್ರ ನಂದೊಂದು ಮಾತೈತ್ರಿ. ನಮ್ಮ ಹೆಣ್ಮಕ್ಕಳನ್ನೂ ನರ್ಸಬಾಯಿ ನೋಡಬೇಕು. ಅವರೂ ಎಲ್ಲಾರ್ ಹಂಗ ಮುಂದಿನ ಬಾಗಲದಾಗಿಂದ ಹೋಗಬೇಕು.”

ಇಷ್ಟು ವರ್ಷ ಗುಡ್ಡಪ್ಪನ ಮನೆಯವರಿಗೆ ನೀರನ್ನು ಹಾಲವ್ವ ಮುಟ್ಟದಂತೆ ಮೇಲಿನಿಂದಲೇ ಸುರುವಿದ್ದಳು. ಕಮಿಟಿಯ ಜನ ಬಾಗಿಲು-ಕಿಟಕಿ ಎಂದಾಗ ಸಿಟ್ಟಾಗಿದ್ದ ತನಗೂ ಒಂದು ಬಾಗಿಲು ಇದೆಯೆಂಬುದು ಆಗ ಅವಳ ಗಮನಕ್ಕೆ ಬಂತು.

“ಆತು, ಮುಂದಿನ ಬಾಗಲಾನ” ಎಂದಳು, ತುಸು ತಡವಾಗಿ.

ಶಹಾಬುದ್ದೀನ ಬೇಗ ಒಪ್ಪಿದ. ನರ್ಸಬಾಯಿ ಗೋಷಾದಲ್ಲಿರುವ ಹೆಣ್ಣುಮಕ್ಕಳನ್ನು ಮನೆಗೇ ಬಂದು ನೋಡಬೇಕು ಎಂಬುದಷ್ಟೇ ಅವನ ಷರತ್ತು. ಉಳಿದವರು ಕಲ್ಲಿನ ಮೇಲೆ ಜೀವ ಇಟ್ಟ ಇಬ್ಬರು. ಪರಮೇಶಪ್ಪ ಆಡಿದ ಮಾತನ್ನೇ ಹಾಲವ್ವ ಅವನಿಗೆ ತಿರುಗಿ ಕೊಟ್ಟಳು.

“ಕಟ್ಟಡ ಬ್ಯಾಡ್ರಿ. ಕರಿಬಸಪ್ಪ ಕಾಳು ತುಂಬತಿದ್ದ ವಖಾರಿ ಖಾಲಿ ಐತಲ್ಲ, ಅಲ್ಲೇ ನರ್ಸಬಾಯಿ ಕುಂಡ್ರಲಿ. ಕಲ್ಲೂ ಬ್ಯಾಡ. ಆ ವರ್ಷ ಪಗಾರಕ್ಕ ಯಾರು ಕೊಟ್ಟಾರೋ ಅವರ ಹೆಸರು ಗ್ವಾಡಿ ಮ್ಯಾಲ ಬಣ್ಣದಾಗ ಬರಸೂದು. ದೀಪಾವಳಿಗೆ ಸುಣ್ಣ ಹೊಡಸೂದು. ಮತ್ತ ಕೊಟ್ಟವರ ಹೆಸರು ಮತ್ತ ಬರಸೂದು.”

“ಕೊಡದಿದ್ದವರದು?”

“ಸುಣ್ಣದ ಕೆಳಗ.”

ಪರಮೇಶಪ್ಪನ ಕಣ್ಣು ಅರಳಿದವು. ಕರಿಬಸಪ್ಪ ಒಂದು ವರ್ಷ ಕೊಡಲು ಮರೆಯುವುದನ್ನು, ಆ ಹೆಸರಿನ ಮೇಲೆ ಸುಣ್ಣದ ಬ್ರಷ್ಷು ಓಡುವುದನ್ನು ಅವನು ಅಲ್ಲೇ ಕಂಡ. ಇತ್ತ ಕರಿಬಸಪ್ಪನೂ, ಗೋಡೆ ತನ್ನದೇ ಆದ್ದರಿಂದ ತನ್ನ ಹೆಸರೇ ಎಲ್ಲಕ್ಕಿಂತ ಮೇಲೆ ಎಂಬ ಷರತ್ತಿನ ಮೇಲೆ ವಖಾರಿ ಬಿಟ್ಟುಕೊಟ್ಟ. ಮುಂದಿನ ಸಭೆಯಲ್ಲಿ ಪಗಾರದ ಠರಾವು ಊಟದ ಮೊದಲೇ ಪಾಸಾಯಿತು. ಗೋಡೆಯ ಉಸ್ತುವಾರಿಯನ್ನು ಹಾಲವ್ವನಿಗೆ ವಹಿಸಿದರು. ಸುಣ್ಣ-ಸಾರಣೆ ಹೆಂಗಸರ ಕೆಲಸವಲ್ಲವೇ ಎಂದು ಯಾರಿಗೂ ತಕರಾರು ಇರಲಿಲ್ಲ.

ನರ್ಸಬಾಯಿ ದಾನವ್ವ ಬೆಟಗೇರಿ ಕಡೆಯಿಂದ ಬಂದಳು. ಬಿಳಿ ಸೀರೆ, ಗಟ್ಟಿ ದನಿ. ಬಂದ ದಿನವೇ ಕೈ ತೊಳೆಯದ ನಾಲ್ಕಾರು ಮುದುಕಿಯರನ್ನು ಗದರಿಸಿದಳು. ಆದರೆ ಉದ್ಘಾಟನೆಯ ಬೆಳಿಗ್ಗೆ ಹಾಲವ್ವ ಹೋಗಿ ನೋಡಿದರೆ ವಖಾರಿಯ ಹಿಂದಿನ ಗೋಡೆ ಒಡೆದು ಹೊಸದೊಂದು ಬಾಗಿಲು ಕೂಡಿಸಿದ್ದರು.

“ಇದೇನ ತಮ್ಮಾ?”

“ಕೇರಿಯವರಿಗೆ ವೈನಿ. ಸೇವಾ ಒಂದ, ಬಾಗಲಾ ಎರಡು. ಊರ ಮಂದಿನೂ ಸಮಾಧಾನ ಮಾಡಬೇಕಲ್ಲ” ಎಂದ ಕರಿಬಸಪ್ಪ, ಕೊರಳಿನ ಹಾರ ಸರಿಪಡಿಸಿಕೊಳ್ಳುತ್ತ.

ಗುಡ್ಡಪ್ಪ ದೂರದಲ್ಲಿ ನಿಂತು ನೆಲ ನೋಡುತ್ತಿದ್ದ. ಊರೆಲ್ಲ ಸೇರಿತ್ತು, ಭಾಷಣಕ್ಕೆ ಕುರ್ಚಿ ಹಾಕಿದ್ದರು. ಹಾಲವ್ವ ಜಗಳ ತೆಗೆಯಲಿಲ್ಲ. ಅವಳು ಸೆರಗು ಹೊದ್ದು, ವಖಾರಿಯನ್ನು ಸುತ್ತಿ ಹೋಗಿ ಹಿಂದಿನ ಬಾಗಿಲಿನಿಂದಲೇ ಒಳಗೆ ಹೊಕ್ಕಳು. ದೊಡ್ಡ ಮನೆಯ ಹಾಲವ್ವ ಹೋದಲ್ಲಿ ತಾವೂ ಹೋಗಬೇಕೆಂದು ಉಳಿದ ಹೆಂಗಸರೂ ಹಿಂದೆ ಹೋದರು. ಮುಂದಿನ ಬಾಗಿಲಲ್ಲಿ ಕತ್ತರಿ ಹಿಡಿದು ನಿಂತ ಕರಿಬಸಪ್ಪನಿಗೆ ರಿಬ್ಬನ್ನು ಕತ್ತರಿಸಿ ತಾನೊಬ್ಬನೇ ಒಳಗೆ ನಡೆಯಬೇಕಾಯಿತು. ಬಸುರಿಯರ ನಡುವೆ ಸಿಕ್ಕಿಬಿದ್ದ ಅವನನ್ನು ದಾನವ್ವ “ಗಂಡಸರು ಹೊರಗ ನಡೀರಿ” ಎಂದು ಕಳಿಸಿಬಿಟ್ಟಳು.

ಅಂದಿನಿಂದ ಹೆಂಗಸರೆಲ್ಲರೂ ಹಿಂದಿನ ಬಾಗಿಲಿನಿಂದಲೇ ಬಂದು ಹೋದರು. ಮುಂದಿನದು, ಅದರ ಸುತ್ತಲಿನ ಗೋಡೆಗೆ ಬಣ್ಣದಲ್ಲಿ ಬರೆಸಿದ ಹೆಸರು ಓದುವವರಿಗೆ ಉಳಿಯಿತು. ಬಣ್ಣಕ್ಕೆ ಯಾರದಾದರೂ ಭುಜ ತಾಗೀತೆಂದು ಕರಿಬಸಪ್ಪ ಆ ಬಾಗಿಲಿಗೆ ಬೀಗವನ್ನೇ ಹಾಕಿಸಿದ. ಆ ಮಳೆಗಾಲದಲ್ಲಿ ಚಕ್ಕಡಿಯಲ್ಲಿ ಯಾವ ಹೆಣ್ಣುಮಗಳೂ ಸಾಯಲಿಲ್ಲ. ತನ್ನ ಉಪಾಯಕ್ಕೆ ಹಾಲವ್ವ ಒಳಗೊಳಗೇ ಹಿಗ್ಗಿದಳು. ಒಂದು ದಿನ ಹಿಗ್ಗು ತಡೆಯದೆ ಗುಡ್ಡಪ್ಪನ ಮುಂದೆ ಅಂದೇಬಿಟ್ಟಳು. “ನೋಡಿದೆಲ್ಲ, ಈಗ ಎಲ್ಲಾರಿಗೂ ಒಂದ ಬಾಗಲಾ ಆತು.”

“ಹೌದ್ರಿ ಅವ್ವಾರ” ಎಂದ ಗುಡ್ಡಪ್ಪ. ಎರಡು ಹೆಜ್ಜೆ ಹೋದವನು ತಿರುಗಿ, “ಆದ್ರ ನಾ ಕೇಳಿದ್ದು ಮುಂದಿನ ಬಾಗಲಾರಿ” ಎಂದ.

ಹಾಲವ್ವನ ಮುಖ ಸಪ್ಪಗಾಯಿತು. ಮನೆಗೆ ಬಂದು ಜೋಳ ಹಸನು ಮಾಡುತ್ತ ಕುಳಿತಳು. ತಾನೂ ಕಮಿಟಿಯವಳೇ ಆಗಿಬಿಟ್ಟೆನಲ್ಲ ಎನಿಸಿತು. ಕೇಳಿದ್ದನ್ನು ಬಿಟ್ಟು ಬೇರೆ ಏನನ್ನೋ ಕೊಟ್ಟು, ಅದಕ್ಕೆ ಶಾಬಾಸ್ ಬೇರೆ ಬಯಸಿದ್ದಳು.

ದೀಪಾವಳಿ ಬಂತು. ಪೇಂಟರ್ ಬಾಬಾಜಾನ ವಖಾರಿಗೆ ಸುಣ್ಣ ಹೊಡೆದು ಏಣಿ ಇಟ್ಟ. ಪರಮೇಶಪ್ಪ ತನ್ನ ಪಾಲಿಗಿಂತ ಹೆಚ್ಚೇ ಕಳಿಸಿ, ಅಕ್ಷರ ಗೇಣು ಎತ್ತರ ಇರಬೇಕೆಂದು ಹೇಳಿ ಕಳಿಸಿದ್ದ. ಸುದ್ದಿ ತಿಳಿದ ಕರಿಬಸಪ್ಪ ಅರ್ಧ ಕ್ಷೌರ ಮಾಡಿಸಿಕೊಂಡ ಗಲ್ಲದಲ್ಲೇ ಓಡಿ ಬಂದ. “ವೈನಿ, ನನ್ನ ಹೆಸರು ಮೊಳದುದ್ದ ಇರಲಿ! ನಾನೂ ಕೊಡತೇನಿ, ಅವನಕಿಂತಾ ಹೆಚ್ಚು.”

“ಬರಸೂನು ತಮ್ಮಾ” ಎಂದಳು ಹಾಲವ್ವ. “ಮೊದಲ ಮುಂದಿನ ಬಾಗಲಾ ತೆಗಿ. ಹಿಂದಿಂದು ಕಲ್ಲಿಟ್ಟು ಮುಚ್ಚಸು. ಎಲ್ಲಾರೂ ಇತ್ತಲಿಂದನ ಹೋಗಬೇಕು, ಕೇರಿಯವರೂ.”

“ಊರ ಮಂದಿ?”

“ಬಾಗಲಾ ತೆಗೀಲಿಲ್ಲಂದ್ರ ಊರ ಮಂದಿ ಪರಮೇಶಪ್ಪನ ಹೆಸರು ಓದತಾರ.”

ಏಣಿಯ ಮೇಲಿಂದ ಬಾಬಾಜಾನ ಕೇಳಿದ, “ಅಕ್ಕಾರ, ಪರಮೇಶಪ್ಪನವರ ‘ಪ’ ಶುರು ಮಾಡ್ಲೇನ್ರಿ?”

ಕರಿಬಸಪ್ಪ ಸೊಂಟದ ಕೀಲಿಗೊಂಚಲಿಗೆ ಕೈ ಹಾಕಿದ. ಧರ್ಮ, ಸಂಪ್ರದಾಯ, ಊರ ಸಮಾಧಾನ ಎಲ್ಲವೂ ಸೇರಿ ಒಂದು ‘ಪ’ ಅಕ್ಷರದ ಮುಂದೆ ನಿಲ್ಲಲಿಲ್ಲ. ಅವನ ಕೈಯಿಂದಲೇ ಬೀಗ ತೆರೆಯಿತು.

ಬಣ್ಣ ಇನ್ನೂ ಹಸಿಯಿರುವಾಗಲೇ ಗುಡ್ಡಪ್ಪ ತುಂಬು ಬಸುರಿ ಸೊಸೆ ಗುತ್ತೆವ್ವನನ್ನು ಕರೆದುಕೊಂಡು ಬಂದ. ಕಟ್ಟೆಯ ಕೆಳಗೆ ಬಂದು ಅವಳು ಅಂಜಿ ನಿಂತಳು. ಕರಿಬಸಪ್ಪ ಬಾಗಿಲ ಪಕ್ಕದಲ್ಲೇ ಇದ್ದ. ಆದರೆ ಅವನ ಕತ್ತು ಮೇಲಕ್ಕಿತ್ತು. ಕೆಳಗೆ ಯಾರು ನಡೆಯುತ್ತಿದ್ದಾರೆ ಎಂದು ನೋಡುವ ಪುರಸೊತ್ತು ಅವನಿಗಿರಲಿಲ್ಲ.

“ಗುಡ್ಡಪ್ಪ, ದೂರದಿಂದ ಹೆಂಗ ಕಾಣತೈತಲೇ ನನ್ನ ಹೆಸರು?” ಎಂದು ಕೇಳಿದ.

ಗುಡ್ಡಪ್ಪನಿಗೆ ಓದು ಬರುತ್ತಿರಲಿಲ್ಲ. “ಭಾಳ ದೊಡ್ಡದು ಕಾಣತೈತ್ರಿ ಸಾಹುಕಾರ್ರ” ಎಂದ.

ಹಾಲವ್ವ ಕಟ್ಟೆಯಿಂದ ಇಳಿದು ಗುತ್ತೆವ್ವನ ರಟ್ಟೆ ಹಿಡಿದಳು. ಕೇರಿಯವರನ್ನು ಹಾಗೆ ಮುಟ್ಟಿ ಹಿಡಿದದ್ದು ಅವಳ ಜೀವಮಾನದಲ್ಲಿ ಅದೇ ಮೊದಲು. “ಮೆಟ್ಟಲಾ ಎತ್ತರ ಅದಾವ, ಸಾವಕಾಶ ಹತ್ತವ್ವ” ಎಂದಳು. ಒಳಗಿನಿಂದ ದಾನವ್ವ, ಬಾಗಿಲಲ್ಲಿ ಗುಂಪು ಕಟ್ಟಬೇಡಿ, ಬಸುರಿಯನ್ನು ಬೇಗ ಒಳಗೆ ಕಳಿಸಿ ಎಂದು ಗದರುತ್ತಿದ್ದಳು.