ಎತ್ತಿದ ಅಂಗೈ

ತ್ರಿಶಲಾ ಕೊಡದ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಮಗುಚಿ, ಸೋಸಿದ ನೀರನ್ನೇ ಅದರ ಮೇಲೆ ಸುರಿದು ಚರಿಗೆಯಲ್ಲಿ ಹಿಡಿದಳು. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳು ತಮ್ಮ ಬಾವಿಗೇ ಮರಳಬೇಕು. ಆ ನೀರಿನ ಚರಿಗೆಗೆ ಹಗ್ಗ ಕಟ್ಟಿ ಇಳಿಬಿಡುತ್ತಿದ್ದಾಗ ಎದುರು ದಂಡೆಯಲ್ಲಿ ತಮ್ಮನ ಮಗ ಸಮ್ಮೇದ ಟೇಪು ಹಿಡಿದು ನಿಂತಿದ್ದ.

“ಏನ ಅಳ್ಯಾಕತ್ತೀಯೋ?”

“ಬಾವಿ ಬಾಯಿ, ಅತ್ತಿ. ಸ್ಲ್ಯಾಬ್ ಹಾಕಿ ಮ್ಯಾಲ ಫಿಲ್ಟರ್ ಮಷೀನ ಕೂಡ್ರಸ್ತಾರ. ನಿನಗ ಹಗ್ಗ ಜಗ್ಗೂದ ತಪ್ಪತೈತಿ.”

“ತಪ್ಪಸ್ರಿ ಅಂತ ನಾ ಯಾರಿಗಿ ಹೇಳೀನಿ?”

“ಸಭಾದಾಗ ಕೈ ಎತ್ತಿದಿ. ಫೋಟೋನ ಐತಲ್ಲ,” ಎಂದು ನಕ್ಕ.

ಫೋಟೋ ಇದ್ದದ್ದು ನಿಜ. ಊರ ಅಗಸಿ ಬಾಗಿಲಲ್ಲಿ, ಫಿಲ್ಟರ್ ಹಾಕಿಸುವ ಸಕ್ಕರೆ ಕಾರ್ಖಾನೆಯವರು ನಿಲ್ಲಿಸಿದ ಫಲಕದ ಮೇಲೆ ‘ಗ್ರಾಮಸ್ಥರ ಒಪ್ಪಿಗೆಯಿಂದ’ ಎಂಬ ಅಕ್ಷರ, ಅದರ ಕೆಳಗೆ ಅಂಗೈ ಎತ್ತಿ ಕೂತ ತ್ರಿಶಲಾ. ಸಭೆಯ ದಿನ ಅಷ್ಟಮಿ. ಅವಳಿಗೆ ಉಪವಾಸ, ಮೇಲೆ ಮೌನ. ಬೇಡವೆಂದು ಬೇರೆ ಯಾರಾದರೂ ಬಾಯಿ ಬಿಟ್ಟಾರು ಎಂದು ಮುಂದೆಯೇ ಹೋಗಿ ಕೂತಿದ್ದಳು. ಯಾರೂ ಬಿಡಲಿಲ್ಲ. ಕಾರ್ಖಾನೆಯ ಕಡೆಯಿಂದ ಬಂದ ಉಜ್ವಲಾ ಎಂಬ ಹುಡುಗಿ, “ಒಪ್ಪಿಗಿ ಇದ್ದವರು ಕೈ ಎತ್ರಿ” ಎಂದಾಗ, ತಡೀರಿ ಎಂದು ತ್ರಿಶಲಾ ಅಂಗೈ ತೋರಿದಳು. ಎತ್ತಿದ ಕೈಗಳೊಳಗೆ ಅದೂ ಒಂದಾಗಿ ಹೋಯಿತು.

ಬಾವಿಯ ನೀರನ್ನಲ್ಲದೆ ಬೇರೆ ನೀರು ಮುಟ್ಟುವುದಿಲ್ಲ ಎಂದು ಮುನಿಗಳ ಮುಂದೆ ನೇಮ ಹಿಡಿದವಳು ಅವಳು. ಬಾಯಿ ಮುಚ್ಚಿದ ಬಾವಿಯಲ್ಲಿ ಸೇದುವುದೆಲ್ಲಿಂದ, ಸೋಸಿದ್ದನ್ನು ಮರಳಿ ಬಿಡುವುದೆಲ್ಲಿ? ಮುನಿಗಳು ಊರಿಗೆ ಬಂದರೆ ಆಹಾರ ಕೊಡಲು ಯಾವ ನೀರು? ಒಂದೋ ನೇಮ ಮುರಿಯಬೇಕು, ಇಲ್ಲವೇ ಊರು ಬಿಡಬೇಕು.

ಮೌನ ಮುಗಿದ ಮರುದಿನವೇ, ಬಾವಿಗೆ ಕೈ ಹಚ್ಚಬೇಡಿ ಎಂದು ಕಾರ್ಖಾನೆಯ ದೊಡ್ಡ ಸಾಹೇಬರಿಗೆ ಕಾಗದ ಬರೆದಿದ್ದಳು. ಕಳಿಸಲಿಕ್ಕೆ ಮಾತ್ರ ಧೈರ್ಯ ಸಾಲಲಿಲ್ಲ. ಸಮ್ಮೇದನ ಕೈಯಲ್ಲಿ ಕೊಡೋಣವೆಂದರೆ ಕೆಲಸಕ್ಕೆ ಉಸುಕು ಹಾಕುವುದು ಅವನದೇ ಟ್ರ್ಯಾಕ್ಟರು. ಬಸದಿಯ ಕಮಿಟಿಯವರಿಗೆ ಹೇಳೋಣವೆಂದರೆ ಬಸದಿಗೆ ಹೊಸ ಛಾವಣಿ ಹಾಕಿಸಿಕೊಡುವುದಾಗಿ ಅದೇ ಕಾರ್ಖಾನೆ ಮಾತು ಕೊಟ್ಟಿತ್ತು. ಹಾಗಾಗಿ ಕಾಗದ, ಪಕ್ಕದ ಮನೆಯ ರಹಿಮಾಬಿಗೆ ಬಿಟ್ಟು ಯಾರಿಗೂ ತಿಳಿಯದೆ, ಟ್ರಂಕಿನ ತಳದಲ್ಲೇ ಮಳೆಗಾಲ ಕಳೆಯಿತು.

ಸಮ್ಮೇದ ಬಾವಿ ಅಳೆದ ದಿನ ಮಧ್ಯಾಹ್ನ ಉಜ್ವಲಾ ತಾನಾಗಿಯೇ ಮನೆಗೆ ಬಂದಳು. ಚಪ್ಪಲಿ ಹೊರಗೆ ಬಿಟ್ಟಳು, ಕೊಟ್ಟ ಮಜ್ಜಿಗೆ ಪೂರ್ತಿ ಕುಡಿದಳು. ಇಷ್ಟು ನಯ ಯಾಕೆ ಎಂದು ತ್ರಿಶಲಾ ಅವಳನ್ನೇ ನೋಡಿದಳು.

“ಆಯಿ, ಅವತ್ತ ನೀವು ಬ್ಯಾಡ ಅಂತ ಕೈ ಎತ್ತಿದ್ರಂತ. ನನಗ ಈಗ ಗೊತ್ತಾತು.”

“ಯಾರ ಹೇಳಿದ್ರು?”

“ರಹಿಮಾಬಿ ಚಾಚಿ. ಊರವರು ಒಪ್ಪ್ಯಾರ ಅಂತ ನಾನ ಮ್ಯಾಲಿನ ಸಾಹೇಬರಿಗಿ ಬರದ ಕೊಟ್ಟೀನಿ, ಈಗ ನಾನ ತಿದ್ದಾಕ ಬರೂದಿಲ್ರಿ. ನೀವು ಬರದ ಕೊಟ್ರ ನಾ ಒಯ್ತೀನಿ.”

“ನೀ ಯಾರ ಪೈಕಿ ಬೇ?”

“ಪಗಾರ ಅವರದು ಆಯಿ. ಸುಳ್ಳ್ಯಾಕ ಹೇಳ್ಲಿ?”

ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದೇ ತ್ರಿಶಲಾಳಿಗೆ ಇನ್ನೂ ಸಂಶಯ ತಂದಿತು. ಬರೆದದ್ದನ್ನು ಒಯ್ದು ದಾರಿಯಲ್ಲಿ ಹರಿದು ಒಗೆದರೆ?

“ನನಗ ಬರಿಯಾಕ ಬರೂದಿಲ್ಲವಾ,” ಎಂದುಬಿಟ್ಟಳು.

ಹುಡುಗಿ ಹೋದ ಮೇಲೆ ನೇರ ಪಕ್ಕದ ಮನೆಗೆ ನಡೆದಳು. ರಹಿಮಾಬಿ ಅಕ್ಕಿ ಆರಿಸುತ್ತಿದ್ದಳು. ಅದೇ ಬಾವಿಯಲ್ಲಿ ಜೊತೆಗೆ ಹಗ್ಗ ಜಗ್ಗಿ ಮುದುಕಿಯಾದವಳು.

“ಅಕಿಗಿ ಯಾಕ ಹೇಳಿದಿ? ನೀನೂ ಅವರ ಪೈಕಿ ಏನ?”

“ಹೌದ, ಅವರ ಪೈಕಿನ,” ಎಂದಳು ರಹಿಮಾಬಿ, ಮೊರದಿಂದ ಕಣ್ಣೆತ್ತದೆ. “ನನ್ನ ರಟ್ಟಿ ಸತ್ತ ಹೋಗ್ಯಾವು. ನನಗ ಮಷೀನ ಬೇಕ. ನಾ ಆವತ್ತ ಖರೇನ ಕೈ ಎತ್ತೀನಿ.”

ತ್ರಿಶಲಾ ಅವಳ ತೋಳುಗಳನ್ನು ನೋಡಿದಳು. ಊರಿನವರ ಮೇಲೆಲ್ಲ ಸಂಶಯಪಟ್ಟವಳು, ಈ ರಟ್ಟೆಗಳ ಬಗ್ಗೆ ಮಾತ್ರ ಕೇಳಿರಲಿಲ್ಲ.

“ಮಾರಿ ಯಾಕ ಗಂಟ ಹಾಕ್ಕೊಂಡಿ? ಮಷೀನ ಬಾಜೂಕ ಕೂಡ್ರಸ್ರಿ, ಬಾವಿಗಿ ಒಂದ ಕೊಡಾ ಇಳಿಯೂವಷ್ಟ ಬಾಯಿ ಬಿಡ್ರಿ ಅಂದ್ರ ಅವರ ಗಂಟೇನ ಹೋಗತೈತಿ? ಕಾಗದ ಬರ್ದ ಹಂಗ ಮಲಗಿಸಿದ್ರ ಅದೇನ ಮರಿ ಹಾಕತೈತಿ?”

ಮನೆಗೆ ಬಂದು ಹಳೆಯ ಕಾಗದ ಹರಿದು ಹೊಸದು ಬರೆದಳು. ಯಂತ್ರ ಬೇಕು, ಬಾವಿಯೂ ಬೇಕು. ಫಲಕದ ಮೇಲಿನ ನನ್ನ ಕೈ ‘ಬೇಡ’ ಎಂದು ಎತ್ತಿದ ಕೈ. ಇನ್ನೊಂದು ಸಭೆ ಕರೆಯಿರಿ, ಬಾವಿಯ ದಂಡೆಯಲ್ಲೇ ಕರೆಯಿರಿ. ಅಷ್ಟಮಿ, ಚತುರ್ದಶಿ ಬಿಟ್ಟು.

ಮರುದಿನ ಅವಳ ಸೆರಗಿನಡಿ ಲಕೋಟೆ ಕಂಡ ಸಮ್ಮೇದ, “ಎಲ್ಲಿಗಿ ಹೊಂಟಿ ಅತ್ತಿ? ಇಲ್ಲಿ ಕೊಡು, ನಾ ಮುಟ್ಟಸ್ತೀನಿ” ಎಂದ. ಅವಳು ಸೆರಗು ಬಿಗಿ ಹಿಡಿದು ರಾಯಬಾಗದ ಬಸ್ಸು ಹತ್ತಿದಳು.

ಅಂಚೆ ಕಚೇರಿಯಲ್ಲಿ ಲಕೋಟೆ ಕೊಟ್ಟು, ರಸೀದಿ ಪಡೆದರೂ ಕೌಂಟರಿನ ಮುಂದಿನಿಂದ ಸರಿಯಲಿಲ್ಲ.

“ಆತಲ್ರಿ ಅಜ್ಜಿ. ಮತ್ತೇನ?”

“ಚೀಲದಾಗ ಹಾಕಪಾ. ನೋಡಿ ಹೋಗ್ತೀನಿ.”

ಗುಮಾಸ್ತ ಅವಳ ಹಿಂದೆ ನಿಂತ ಸಾಲನ್ನು ನೋಡಿ, ನಿಟ್ಟುಸಿರು ಬಿಟ್ಟು, ಲಕೋಟೆಯನ್ನು ಚೀಲದೊಳಗೆ ಹಾಕಿದ.