ಸೂಲಗಿತ್ತಿ ಕರಿಯವ್ವನ ಮಣ್ಣು

ರೇವಣ್ಣ ನಾಲ್ಕನೇ ಸಲ ಗುದ್ದಲಿ ಎತ್ತುವಷ್ಟರಲ್ಲಿ ಚೌರಪ್ಪ ಬಂದು ಅದರ ಕಾವು ಹಿಡಿದುಕೊಂಡ.

"ಇಲ್ಲಿ ಬ್ಯಾಡಪ್ಪ. ಗೋಡೆ ಆಚೆ ತೋಡು."

"ನಮ್ಮವ್ವ ಇಲ್ಲೇ ಅಂದಿದ್ಲು ಚೌರಪ್ಪಾರೆ. ನನ್ನ ತಂಗಿ ಇಲ್ಲೇ ಅದಾಳೆ."

"ತಂಗಿ ಮಾತು ಬ್ಯಾರೆ. ನಿಮ್ಮವ್ವಗ ಜ್ಞಾನಸ್ನಾನ ಆಗಿಲ್ಲ. ಇದು ಮಂತ್ರಿಸಿದ ಮಣ್ಣು."

"ಇಗರ್ಜಿ ಸ್ವಾಮಿಗಳು ಏನಂತಾರೆ?"

"ಸಮಿತಿಗೆ ಬಿಟ್ಟಾರೆ."

ಹರಿಹರದ ಇಗರ್ಜಿಯ ಆ ಸ್ಮಶಾನಕ್ಕೆ ನೂರು ವರ್ಷ ತುಂಬಿತ್ತು. ಬರುವ ಭಾನುವಾರ ಬಿಷಪ್ಪರು ಬಂದು ನೆನಪಿನ ಕಲ್ಲು ನಿಲ್ಲಿಸುವವರಿದ್ದರು. ಅದನ್ನೆಲ್ಲ ನಡೆಸುವ ಸಮಿತಿಗೆ ಚೌರಪ್ಪನೇ ಅಧ್ಯಕ್ಷ. ಅಧ್ಯಕ್ಷನಾದಂದಿನಿಂದ ಅವನಿಗೆ ಸತ್ತವರ ಮೇಲೆ ಎಲ್ಲಿಲ್ಲದ ಕಾಳಜಿ. ಅಂದು ಬೆಳಿಗ್ಗೆ ಸತ್ತ ರೇವಣ್ಣನ ತಾಯಿ, ಸೂಲಗಿತ್ತಿ ಕರಿಯವ್ವ ಮಾತ್ರ ಆ ಕಾಳಜಿಯೊಳಗೆ ಸೇರಲಿಲ್ಲ.

ರೇವಣ್ಣ ದಾವಣಗೆರೆಯ ಮಿಲ್ಲಿನಿಂದ ಸೀದಾ ರೈಲು ಹತ್ತಿ ಬಂದಿದ್ದ. ತಲೆಗೂದಲಲ್ಲಿ ಇನ್ನೂ ಹತ್ತಿಯ ಎಳೆಗಳಿದ್ದವು. ಸಿಟ್ಟು ನೆತ್ತಿಗೇರಿತ್ತು. ಆದರೆ ತಾಯಿಯ ಹೆಣ ಮುಂದಿಟ್ಟುಕೊಂಡು ಯಾರ ಕುತ್ತಿಗೆ ಹಿಡಿಯುವುದು? ಗುದ್ದಲಿ ಎತ್ತಿಕೊಂಡು ಹೊರಗೆ ನಡೆದ.

ಹೆಣದ ತಲೆಯ ಬಳಿ ಕೂತಿದ್ದ ಚೌರಪ್ಪನ ತಾಯಿ ಇನ್ನಾಸಮ್ಮ ಎಲ್ಲವನ್ನೂ ನೋಡಿದಳು.

*

ಜ್ಞಾನಸ್ನಾನವಾಗದೆ ಸತ್ತ ಕೂಸುಗಳನ್ನು ಹಿಂದೆಲ್ಲ ಗೋಡೆಯ ಹೊರಗೇ ಹೂಳುತ್ತಿದ್ದರು. ಸ್ವಾಮಿಗಳು ಬರುವವರೆಗೆ ಕಾಯುವ ವ್ಯವಧಾನ ಸಾವಿಗೆಲ್ಲಿದೆ? ಅದಕ್ಕೇ ಆಗಿನ ಮುದಿ ಸ್ವಾಮಿಗಳು ಕರಿಯವ್ವನನ್ನು ಕರೆಸಿ, ಉಳಿಯುವುದಿಲ್ಲ ಅನ್ನಿಸಿದ ಕೂಸಿನ ತಲೆಗೆ ನೀರು ಸುರಿದು ಹೇಳಬೇಕಾದ ಮಾತನ್ನು ಕಲಿಸಿದರು.

"ನಾವು ದುರುಗಮ್ಮನ ಒಕ್ಕಲು, ಸ್ವಾಮಿ. ನಾನು ಹಾಕಿದ್ರೆ ನಡೀತೈತಾ?"

"ನಡೆಯುತ್ತದಮ್ಮ. ಅಂಥ ಹೊತ್ತಿನಲ್ಲಿ ಯಾರು ಹಾಕಿದರೂ ನಡೆಯುತ್ತದೆ."

ಪಿತ, ಸುತ, ಪವಿತ್ರಾತ್ಮರ ಹೆಸರನ್ನು ಕರಿಯವ್ವ ಜೋಳ ಬೀಸುತ್ತ ಬಾಯಿಪಾಠ ಮಾಡಿದಳು. ಮೂವತ್ತು ವರ್ಷ ಇಗರ್ಜಿ ಓಣಿಯ ಬಾಣಂತಿ ಕೋಣೆಗಳಲ್ಲಿ ಚೊಂಬು ಹಿಡಿದಳು. ತನ್ನದೇ ಮೂರು ದಿನದ ಹೆಣ್ಣುಕೂಸು ಉಸಿರಿಗೆ ಒದ್ದಾಡಿದಾಗ ಅದರ ತಲೆಗೂ ಹಾಕಿದಳು. ಮುದಿ ಸ್ವಾಮಿಗಳು ಕೊಟ್ಟ ಮಾತಿಗೆ ತಪ್ಪಲಿಲ್ಲ. ಕೂಸು ತೀರಿಕೊಂಡಾಗ ಅದನ್ನು ಗೋಡೆಯ ಒಳಗೆ, ಕೂಸುಗಳ ಸಾಲಿನಲ್ಲೇ ಮಲಗಿಸಿದರು. ಅಂದಿನಿಂದ ಅವಳಿಗಿದ್ದದ್ದು ಒಂದೇ ಆಸೆ, ಸತ್ತ ಮೇಲೆ ಆ ಕೂಸಿನ ಪಕ್ಕ ಜಾಗ.

*

ಹೊರಗೆ ಜಾಲಿ ಕಡಿದು, ಗುಂಡಿ ತೋಡಿ, ಕರಿಯವ್ವನನ್ನು ಇಳಿಸಿದರು. ಸಮಿತಿಯವರು ಸೊಂಟದೆತ್ತರದ ಗೋಡೆಯ ಒಳಗೇ ನಿಂತು ನೋಡುತ್ತಿದ್ದರು. ಹೊರಗೆ ಬಂದ ಇನ್ನಾಸಮ್ಮ ಗುಂಡಿಯ ಅಂಚಿನಿಂದಲೇ ಮಗನನ್ನು ಕೂಗಿದಳು.

"ಚೌರಿ, ನೀನು ಹುಟ್ಟಿದಾಗ ನೀಲಿಗಟ್ಟಿದ್ದಿ. ಅಳಲೇ ಇಲ್ಲ."

"ಈಗ್ಯಾಕವ್ವ ಅದು?"

"ನಿನ್ನ ತಲಿಗೆ ನೀರು ಹಾಕಿದ್ದು ಇಕಿ. ನೀನು ಉಳದಿ. ಆಮ್ಯಾಲೆ ಸ್ವಾಮಿಗಳು ಎಣ್ಣಿ ಹಚ್ಚಿದ್ರು, ಹೆಸರು ಬರಕಂಡ್ರು. ನೀರು ಮತ್ತ ಹಾಕಲಿಲ್ಲ. ಒಂದ್ಸಲ ಆಗೈತೆ, ಎರಡನೇದಿಲ್ಲ ಅಂದ್ರು."

ಚೌರಪ್ಪ ಆಚೀಚೆ ನೋಡಿದ. "ಕಟ್ಟಳೆ ಬ್ಯಾರೆ ಐತೆ ಅವ್ವ."

"ಹೆಂಗೆ ಬ್ಯಾರೆ? ಇಕಿ ಕೈ ನಿನ್ನನ್ನ ಒಳಗ ಬಿಟ್ಟೈತೆ. ನೀನು ಇಕಿನ್ನ ಹೊರಗ ಹಾಕ್ದಿ. ನಾಚಿಕಿ ಆಗಂಗಿಲ್ಲೇನು ನಿನಗ? ನಾನು ಸತ್ರೆ ನನ್ನೂ ಇಲ್ಲೇ ಹೂಳ್ರಿ, ಇಕಿ ಪಕ್ಕ."

ಅವಳ ಪಕ್ಕದಲ್ಲಿದ್ದ ಅಂತೋಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೋಡೆಯತ್ತ ತಿರುಗಿದಳು.

"ಅರುಳಪ್ಪ, ನಿನಗೂ ಇಕೀನೇ ಹಾಕಿದ್ದು. ಹೊರಗ ಬಾ."

ಸಮಿತಿಯ ಕಾರ್ಯದರ್ಶಿಯಾದ ಅವಳ ಮಗ ಅರುಳಪ್ಪ ತಲೆ ತಗ್ಗಿಸಿಕೊಂಡು ಗೇಟು ದಾಟಿ ಬಂದ. ಇನ್ನೊಬ್ಬ ತಾಯಿ ತನ್ನ ಮಗನನ್ನು ಕರೆದಳು. ಮತ್ತೊಬ್ಬಳು ಕರೆದಳು. ಮೀಸೆ ನರೆತ ಗಂಡಸರು ಬೈಸಿಕೊಂಡ ಹುಡುಗರ ಹಾಗೆ ಒಬ್ಬೊಬ್ಬರಾಗಿ ಹೊರಬಂದು ಗುಂಡಿಯ ಸುತ್ತ ನಿಂತರು. ಯಾರೂ ಕರೆಯದವರೂ ಬಂದರು.

ಒಳಗೆ ಶಿಲುಬೆಗಳ ನಡುವೆ ಚೌರಪ್ಪನೊಬ್ಬನೇ ಉಳಿದ. ತನ್ನ ಹೆಸರು ಬಂದೀತೆಂದು ತಾಯಿಯ ಬಾಯನ್ನೇ ನೋಡುತ್ತಿದ್ದ. ಇನ್ನಾಸಮ್ಮ ಅವನಿಗೆ ಬೆನ್ನು ಮಾಡಿ, ಬಗ್ಗಿ, ಹಿಡಿ ಮಣ್ಣು ಎತ್ತಿಕೊಂಡಳು.