ತೊಳೆದ ಕಪಾಟು

ಸುಣ್ಣದ ನೀರಿನಲ್ಲಿ ನೆನೆದ ತೊಗಲಿನ ವಾಸನೆಯಲ್ಲೇ ನಾನು ಬೆಳೆದೆ. ಅಪ್ಪನ ಎರಡು ಬಾನಿಗಳು ಮನೆಯ ಹಿಂದೆ ನೆಲದಲ್ಲಿ ಹೂತಿದ್ದವು. ಬೇಸಿಗೆಯ ಮಧ್ಯಾಹ್ನ ಆ ವಾಸನೆ ಅಂಗಳ ದಾಟಿ, ಮಾದರ ಓಣಿ ದಾಟಿ, ನನ್ನ ಲಂಗದಲ್ಲಿ ಕುಳಿತು ಶಾಲೆಯವರೆಗೂ ಬರುತ್ತಿತ್ತು. ಮಾಸ್ತರರು ನನ್ನನ್ನು ಎಲ್ಲರಿಂದ ದೂರ, ಕಿಟಕಿಯ ಹತ್ತಿರ ಕೂರಿಸುತ್ತಿದ್ದರು. ಅಲ್ಲಿ ಬೆಳಕು ಚೆನ್ನಾಗಿತ್ತು. ಓದು ನನಗೆ ಬೇಗ ಬಂತು.

ಅಪ್ಪ ತೀರಿಕೊಂಡ ಮೇಲೆ ಬಾನಿಗಳಿಗೆ ಮಣ್ಣು ತುಂಬಿದೆವು. ಅದೇ ವಾಸನೆ ಮತ್ತೆ ನನ್ನ ಮೂಗಿಗೆ ಬಿದ್ದದ್ದು ಎಪ್ಪತ್ತಾರರಲ್ಲಿ, ಅಣ್ಣ ಧರೆಪ್ಪನ ತಗಡಿನ ಶೆಡ್ಡಿನಲ್ಲಿ. ನಾನು ಬಿಜಾಪುರದ ಕಾಲೇಜಿನಿಂದ ರಜೆಗೆ ಬಂದಿದ್ದೆ. ಅಣ್ಣ ಡಬ್ಬಿಯೊಂದರಲ್ಲಿ ಸರಸು ಕುದಿಸುತ್ತಿದ್ದ. ಸರಸು ಎಂದರೆ ಮರಕ್ಕೆ ಮರ ಹತ್ತಿಸುವ ಅಂಟು. ತೊಗಲು, ಎಲುಬು ಕುದಿಸಿ ಮಾಡುವಂಥದ್ದು. ಬಾಗಿಲಲ್ಲಿ ನಿಂತ ಶಂಕರೆಪ್ಪಗೌಡರು ಶಲ್ಯದಿಂದ ಮೂಗು ಮುಚ್ಚಿಕೊಂಡರು.

"ಏನಲೇ ಇದು ನಾರೋದು? ನಿಮ್ಮಪ್ಪ ಇನ್ನೂ ಸತ್ತಿಲ್ಲೇನು?"

"ಸೊಲ್ಲಾಪುರದ ಪಾಕರೀ ಗೌಡ್ರ," ಅಂದ ಅಣ್ಣ, ಕಡ್ಡಿಯಿಂದ ತಿರುವುತ್ತಾ. "ಕಪಾಟ ಗಟ್ಟಿ ಹಿಡೀಲಿ ಅಂತ."

"ಮಗನ, ಪಾಕ ಅಂತ ಪಾಕ! ಸ್ಕ್ರೂ ಕೇಳಿದ್ಯಂತ ಯಾಕ?"

"ಸ್ಕ್ರೂ ಇದ್ರ ಛಲೋ ಆಗತೈತ್ರಿ."

"ಪಾಕ ಐತೆಲ್ಲಾ, ಅದನ್ನ ಬಡಿ. ಹಲಗಿ ಕೊಟ್ಟೇನಿ, ಗಾಜ ಕೊಟ್ಟೇನಿ, ಇನ್ನ ಸ್ಕ್ರೂನೂ ನಾನ ಕೊಡ್ಲೇನು? ಸೋಮವಾರ ಮಗಳನ್ನ ನೋಡಾಕ ನಾಲತವಾಡದ ಬೀಗರು ಬರ್ತಾರ. ಕಪಾಟ ಅಲಗಾಡಿತಂದ್ರ ಈ ತಗಡ ಕೀಳಸ್ತೇನಿ. ನೀನೂ ನಿನ್ನ ಮಷೀನೂ ಮತ್ತ ಸತ್ತ ಎಮ್ಮಿ ಹಿಂದ. ತಿಳೀತಿಲ್ಲೊ?"

"ತಿಳೀತ್ರಿ."

ತಿಳಿಯದೇ ಇರಲು ಸಾಧ್ಯವಿರಲಿಲ್ಲ. ಶೆಡ್ಡು ನಿಂತದ್ದು ಗೌಡರ ಹಿಟ್ಟಿನ ಗಿರಣಿಯ ಪಕ್ಕದ ಗೌಡರ ಜಾಗದಲ್ಲಿ. ಕರೆಂಟು ಬರುತ್ತಿದ್ದದ್ದು ಅದೇ ಗಿರಣಿಯಿಂದ ಎಳೆದ ವೈರಿನಲ್ಲಿ. ಅದಕ್ಕೆ ಪ್ರತಿಯಾಗಿ ಗೌಡರ ಮನೆಯ ಕಟ್ಟಿಗೆ ಕೆಲಸವೆಲ್ಲ ಬಿಟ್ಟಿ. ಆ ವೈರು ಕಿತ್ತರೆ ಅಣ್ಣನ ಎರಡು ಮಷೀನುಗಳು ಬರೀ ಕಬ್ಬಿಣ. ಒಂದು, ಕೈಯಲ್ಲಿ ಹಿಡಿದು ತೂತು ಕೊರೆಯುವ ಡ್ರಿಲ್ಲು. ಇನ್ನೊಂದು, ದುಂಡು ಬ್ಲೇಡಿನ ಗರಗಸ. ಸೊಲ್ಲಾಪುರದಲ್ಲಿ ಆರು ವರ್ಷ ಅಣ್ಣನಿಗೆ ಕೆಲಸ ಕಲಿಸಿದ ಶಮಶುದ್ದೀನ ಮೇಸ್ತ್ರಿ, ಕಣ್ಣು ಮಂಜಾದ ಮೇಲೆ ಎರಡನ್ನೂ ಹಳೆಯ ಕಂಬಳಿಯಲ್ಲಿ ಸುತ್ತಿ ಇವನ ತಲೆಯ ಮೇಲೆ ಇಟ್ಟು, ಬಸ್ಸಿನವರೆಗೆ ತಾವೇ ಬಂದು ಕಳಿಸಿದ್ದರಂತೆ.

ಎಂಟು ದಿನ ಕಪಾಟಿನ ಕೆಲಸ ನಡೆಯಿತು. ನಾನು ಹಲಗೆ ಹಿಡಿದೆ, ಗೆರೆ ಎಳೆದೆ, ಪಾಲಿಶ್ ಕಾಗದ ತಿಕ್ಕಿದೆ. ಗರಗಸ ಕಿರುಚಿದಾಗೆಲ್ಲ ಅವ್ವ ಶೆಟ್ಟೆವ್ವ ಅವನ ಬೆರಳುಗಳ ದಿಗಿಲಿಗೆ ಹೊರಗಿನಿಂದ, "ಬಟ್ಟ ಅದಾವೇನೋ?" ಎಂದು ಕೂಗುತ್ತಿದ್ದಳು. ಅಣ್ಣ ಪ್ರತಿಸಲವೂ, "ಒಂಬತ್ತ ಅದಾವ, ಒಂದ ಹುಡುಕಾಕತ್ತೇನಿ" ಅನ್ನುತ್ತಿದ್ದ. ಅವ್ವ ಪ್ರತಿಸಲವೂ ಓಡಿ ಬರುತ್ತಿದ್ದಳು.

ಗಿರಣಿ ನಡೆದಾಗ ಮಷೀನಿಗೆ ಕರೆಂಟು ಸಾಲುತ್ತಿರಲಿಲ್ಲ. ಡ್ರಿಲ್ಲು ಮುದುಕರ ಹಾಗೆ ಗೊಣಗುತ್ತಿತ್ತು. ಅದನ್ನು ಗಮನಿಸಿದ ಗಿರಣಿಯ ಬಂದಗಿಸಾಬ, ದಿನಕ್ಕೆರಡು ಸಲ ಪಟ್ಟಾ ಬಿಚ್ಚಿ, "ಕಲ್ಲ ಕಾದೈತ್ರವ್ವಾ, ಆರಲಿ ತಡೀರಿ" ಎಂದು ಜೋಳ ತಂದ ಹೆಂಗಸರನ್ನು ಕೂರಿಸಿ ಏನೋ ಕಥೆ ತೆಗೆಯುತ್ತಿದ್ದ. ಕಲ್ಲು ಕಾದಿರುತ್ತಿರಲಿಲ್ಲ. ಆ ಅರ್ಧ ತಾಸಿನಲ್ಲಿ ನಾವು ಕೊರೆಯುವ ತೂತೆಲ್ಲ ಕೊರೆದು ಮುಗಿಸುತ್ತಿದ್ದೆವು. ಸ್ಕ್ರೂ ಇಲ್ಲದ್ದಕ್ಕೆ ಅಣ್ಣ ಬೆರಳುದ್ದದ ಮರದ ಮೊಳೆಗಳನ್ನು ಕೆತ್ತಿ, ಸರಸು ಹಚ್ಚಿ, ಆ ತೂತುಗಳಲ್ಲಿ ಕೂರಿಸಿದ. ಎಲ್ಲ ಕೂಡಿಕೆಗೂ ಸರಸೇ ಆಧಾರ.

ರವಿವಾರ ಮುಂಜಾನೆ ಬಂಡಿಯಲ್ಲಿ ಕಪಾಟು ಗೌಡರ ಅಂಗಳಕ್ಕೆ ಹೋಯಿತು. ಆಳೆತ್ತರ, ನಾಲ್ಕು ಖಾನೆ, ಗಾಜಿನ ಬಾಗಿಲು. ಬಿಸಿಲಿಗೆ ಸಾಗವಾನಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಗೌಡರ ಹೆಂಡತಿ ಸಿದ್ದಲಿಂಗವ್ವ ಬಾಗಿಲ ಮರೆಯಿಂದ ನೋಡಿ ಸೆರಗು ಬಾಯಿಗೆ ಹಿಡಿದರು. ಗೌಡರು ಸುತ್ತ ತಿರುಗಿ, ತಪ್ಪು ಸಿಗದೆ, ಆಳು ಅಮಸಿದ್ದನನ್ನು ಕರೆದರು.

"ನೀರ ತಾ. ಮಡಿ ಆಗ್ಲಿ."

ಅಣ್ಣ ಅಂಗಳದ ಗೋಡೆಯಾಚೆಯಿಂದ ಕೂಗಿದ: "ಗೌಡ್ರ, ನೀರ ಬ್ಯಾಡ್ರಿ! ಕೂಡಿದ್ದು ಬಿಡತೈತ್ರಿ!"

"ಬಾಯಿ ಮುಚ್ಚಲೇ. ಒಳಗ ಮ್ಯಾಲಿನ ಖಾನೇದಾಗ ದೇವರ ಫೋಟೋ ಇಡಾಂವ ನಾನು. ನಿನ್ನ ಕೈ ಹತ್ತಿದ್ದನ್ನ ಹಂಗ ಒಯ್ಯಲೇನು?"

ಅಮಸಿದ್ದ ಮೊದಲ ಕೊಡ ಹೊತ್ತು ಬಂದ. "ಎಷ್ಟ ಕೊಡಾ ಹಾಕಲಿರಿ?"

"ಅವನ ಕೈ ಎಷ್ಟ ಕಡೆ ಮುಟ್ಟೈತೊ ಅಷ್ಟು."

"ಹಂಗಾರ ಬಾವ್ಯಾಗ ಇಳಸಬೇಕಾಗತೈತ್ರಿ."

"ಹಾಕಲೇ ಸೂಳಿಮಗನ!"

ಹನ್ನೆರಡು ಕೊಡ. ಮೇಲಿಂದ, ಒಳಗಿಂದ, ಬೆನ್ನಿಗೆ, ಕಾಲಿಗೆ. ಅಣ್ಣ ಎಣಿಸುತ್ತಾ ನಿಂತಿದ್ದ. ಅವನ ಮುಖ ನೋಡಿದೆ. ಸಿಟ್ಟು ಬಂದಂತಿತ್ತು, ಆಮೇಲೆ ಮೀಸೆಯ ತುದಿ ಅಲುಗಿತು. "ನಾ ಹೇಳೇನಿ," ಅಂದ ನನ್ನ ಕಡೆ ತಿರುಗಿ. "ನೀ ಸಾಕ್ಷಿ. ಕಾಲೇಜ ಕಲ್ತಾಕಿ."

ಹಸಿ ಕಪಾಟನ್ನೇ ನಾಲ್ಕು ಜನ ಪಡಸಾಲೆಗೆ ಹೊತ್ತರು. ಸಂಜೆಗೆ ಅದರಲ್ಲಿ ತಾಮ್ರದ ಕೊಡ, ಹಿತ್ತಾಳೆಯ ದೀಪದ ಸಮೆ, ಪಿಂಗಾಣಿ ಬಸಿ ಎಲ್ಲ ತುಂಬಿದರಂತೆ.

ಸೋಮವಾರ ಹೊತ್ತೇರುವ ಮುಂಚೆ ಅಮಸಿದ್ದ ಶೆಡ್ಡಿಗೆ ಓಡಿ ಬಂದ. ಉಸಿರು ತಿರುಗಿಸಿಕೊಳ್ಳುವುದೋ ನಗುವುದೋ ಅವನಿಗೆ ತಿಳಿಯಲಿಲ್ಲ.

"ಧರೆಪ್ಪಾ, ನಿನ್ನ ಕಪಾಟ ಕಾಲ ಚಾಚಿ ಕುಂತೈತೋ! ಬಸಿ ಎಲ್ಲಾ ಚೂರ, ಬಾಗಲದ ಗಾಜ ಅಷ್ಟ ಉಳದಾವ! ಗೌಡ್ರು ಕೊಡ್ಲಿ ತಗೊಂಡ ಬರಾಕತ್ತಾರ!"

ಹಿಂದೆಯೇ ಗೌಡರು ಬಂದರು. ಅಣ್ಣನನ್ನೂ ಅವನ ವಂಶವನ್ನೂ ಬಾಯಿಗೆ ಬಂದಂತೆ ಬೈದು, ನೇರ ಹೋಗಿ ಗಿರಣಿಯ ಗೋಡೆಗೆ ಬಡಿದಿದ್ದ ವೈರಿಗೆ ಕೊಡಲಿ ಎತ್ತಿದರು. ಬಂದಗಿಸಾಬ ಹಾರಿ ಹೋಗಿ ಮೇನ್ ಸ್ವಿಚ್ಚು ಕೆಳಗೆಳೆದ. ಕೊಡಲಿ ಬಿತ್ತು, ವೈರು ತುಂಡಾಯಿತು.

"ಕರೆಂಟ ಇತ್ರಿ ಅದರಾಗ," ಅಂದ ಬಂದಗಿಸಾಬ. "ಸತ್ತ ಹೋಗ್ತಿದ್ರಿ ನೀವು."

ಗೌಡರಿಗೆ ಆ ಉಪಕಾರ ತಲೆಗೆ ಹೋಗಲಿಲ್ಲ. "ಹೊತ್ತ ಮುಳುಗೋದ್ರಾಗ ಈ ತಗಡ ಖಾಲಿ ಆಗಬೇಕು!" ಅಂದು ಹೋದರು. ಅವ್ವ ಉಳಿ, ಸುತ್ತಿಗೆಗಳನ್ನು ಸೀರೆಯಲ್ಲಿ ಆಯತೊಡಗಿದಳು. ಅಪ್ಪನ ಬಾನಿ ಮುಚ್ಚಿದ ಜಾಗವನ್ನು ಮತ್ತೆ ಅಗೆಯಬೇಕೇನೋ ಎಂಬಂತಿತ್ತು ಅವಳ ಮುಖ. ಅಣ್ಣ ಮಾತ್ರ ಹಲಗೆಯ ಮೇಲೆ ಕುಳಿತು ಬೀಡಿ ಹಚ್ಚಿದ.

"ಏಳೋ," ಅಂದಳು ಅವ್ವ.

"ತಡಿ ಎವ್ವಾ. ನಾಕ ಗಂಟಿ ಬಸ್ಸಿಗೆ ಬೀಗರ ಬರ್ತಾರ. ಗೌಡರ ಪಡಸಾಲ್ಯಾಗ ಮುರದ ಕಪಾಟ ಬಿದ್ದೈತಿ."

ಹನ್ನೆರಡಕ್ಕೆ ಅಮಸಿದ್ದ ಮತ್ತೆ ಬಂದ. ಗೊಳಸಂಗಿಯಿಂದ ಬಡಿಗೇರನನ್ನು ಕರೆಸಿದ್ದರಂತೆ. ಅವನು ಹೊಸ್ತಿಲಲ್ಲೇ ನಿಂತು, "ಮಾದರಾಂವ ಕೊರದ ತೂತಿನ್ಯಾಗ ನಾ ಬಟ್ಟ ಇಡಾಂವಲ್ಲ" ಎಂದು ತಿರುಗಿ ಹೋದನಂತೆ. ಗೌಡರು ಅಣ್ಣನನ್ನು ಕರೆಯುತ್ತಿದ್ದಾರೆ, ಮಷೀನು ತರಬೇಕಂತೆ.

ನಾವಿಬ್ಬರೂ ಅಂಗಳದ ಗೋಡೆಯ ಹತ್ತಿರ ನಿಂತೆವು. ಗೌಡರು ಕಟ್ಟೆಯ ಮೇಲೆ.

"ತುಂಡ ಎಲ್ಲಾ ಶೆಡ್ಡಿಗೆ ಕಳಸ್ತೇನಿ. ಕೂಡಸಿ ತಾ."

"ಶೆಡ್ಡಿನ್ಯಾಗ ಕರೆಂಟ ಇಲ್ರಿ," ಅಂದ ಅಣ್ಣ, ಬಹಳ ಮೆತ್ತಗೆ. "ಯಾರೋ ವೈರ್ ಕಡದಾರ್ರಿ."

ಅಮಸಿದ್ದ ಆಕಾಶ ನೋಡಿದ.

"ಇಲ್ಲೇ ಅಂಗಳದಾಗ ಮಾಡು ಹಂಗಾರ."

"ಹಸಿ ಅಂಟು ಇದ್ದಾಗ ಎತ್ತಿದ್ರ ಮತ್ತ ಕುಂಡ್ರತೈತ್ರಿ. ಎಲ್ಲಿ ನಿಂದರಬೇಕೊ ಅಲ್ಲೇ ಕೂಡಸಬೇಕ್ರಿ. ಮತ್ತ ಪಿನ್ನು ಹಾಕೋ ಜಾಗಾ ಪಡಸಾಲ್ಯಾಗ, ನಿಮ್ಮ ರೇಡಿಯೋ ಹತ್ರ ಐತ್ರಿ."

ಗೌಡರು ಉಪಾಯ ಹೊಳೆದವರಂತೆ, "ಮಷೀನ ಒಳಗ ಬರಲಿ," ಅಂದರು. "ನೀ ಹೊರಗ ನಿಂತ ಹೇಳು. ಅಮಸಿದ್ದ ಮಾಡ್ತಾನ."

ಅಣ್ಣ ಡ್ರಿಲ್ಲನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದ. ಅಮಸಿದ್ದ ಅದನ್ನು ಹಾವಿನ ಕುತ್ತಿಗೆ ಹಿಡಿದಂತೆ ಹಿಡಿದು ಒಳಗೆ ಒಯ್ದ. ಗೌಡರು ಹಲಗೆ ಹಿಡಿದು ಪಕ್ಕದಲ್ಲಿ ನಿಂತರು.

"ಗುಂಡಿ ಒತ್ತಲ್ಯಾ?" ಎಂದು ಅಮಸಿದ್ದ ಒಳಗಿಂದ ಕೂಗಿದ.

"ಒತ್ತು. ಹಿಡತ ಬಿಡಬ್ಯಾಡ," ಅಂದ ಅಣ್ಣ.

ಡ್ರಿಲ್ಲು ಗುರ್ರೆಂದಿತು. ಅಮಸಿದ್ದ, "ಎವ್ವಾ!" ಅಂದ. ಮರುಕ್ಷಣ ಗೌಡರು, "ಬಿಡಲೇ! ಬಿಡಲೇ, ದೋತರಾ! ದೋತರಾ!" ಎಂದು ಚೀರಿದರು. ಬಟ್ಟೆ ಸುತ್ತಿಕೊಂಡು ಮಷೀನು ಗಂಟಲು ಕಟ್ಟಿ ನಿಂತಿತು. ಗೌಡರು ಹೊರಬಂದಾಗ ದೋತರದ ಒಂದು ಮೊಳ ಅಮಸಿದ್ದನ ಕೈಯಲ್ಲಿದ್ದ ಡ್ರಿಲ್ಲಿಗೆ ಸುತ್ತಿತ್ತು; ಉಳಿದದ್ದನ್ನು ಅವರು ಎರಡೂ ಕೈಯಲ್ಲಿ ಹಿಡಿದಿದ್ದರು. ಒಳಮನೆಯಲ್ಲಿ ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು.

"ಬಾರಲೇ ಒಳಗ," ಅಂದರು ಗೌಡರು ಕೊನೆಗೆ. "ಹಿತ್ತಲ ಬಾಗಲಾದಿಂದ ಬಾ."

ಅಣ್ಣ ಕದಲಲಿಲ್ಲ. "ಮೊದಲ ಶೆಡ್ಡಿನ ವೈರ್ ಕೂಡಸರಿ. ಬಂದಗಿಸಾಬಗ ಹೇಳ್ರಿ. ಅಲ್ಲಿ ಲೈಟ್ ಹತ್ತೇತಿ ಅಂತ ಸುದ್ದಿ ಬಂತಂದ್ರ ನಾ ಬರ್ತೇನಿ. ತಗಡ ಅಲ್ಲೇ ಇರತೈತಿ. ಸ್ಕ್ರೂ ತರಸ್ರಿ, ಮೂವತ್ತು. ಮತ್ತ ಮಷೀನಿನ ವೈರ್ ಹಿತ್ತಲ ಸುತ್ತ ಮುಟ್ಟಂಗಿಲ್ರಿ. ತಲಬಾಗಲಾದಿಂದನ ಬರಬೇಕಾಗತೈತಿ."

ಕೊನೆಯ ವೈರಿನ ಮಾತು ಬರೀ ನೆವ. ಅಷ್ಟು ಉದ್ದದ ಮಾತನ್ನು ನಮ್ಮ ಓಣಿಯ ಯಾರೂ ಆ ಅಂಗಳದಲ್ಲಿ ಆಡಿರಲಿಲ್ಲ. ಗೌಡರ ಕೈ ಮೇಲೇಳಲು ಹೋಯಿತು. ಎತ್ತಿದ್ದರೆ ದೋತರ ಬೀಳುತ್ತಿತ್ತು. ಎತ್ತಲಿಲ್ಲ.

ಒಂದೂವರೆಗೆ ಶೆಡ್ಡಿನಲ್ಲಿ ದೀಪ ಹತ್ತಿದ ಸುದ್ದಿ ಬಂತು. ಅಣ್ಣ ಕಾಲು ಝಾಡಿಸಿಕೊಂಡು ತಲಬಾಗಿಲ ಹೊಸ್ತಿಲು ದಾಟಿದ. ಹಿಂದೆ ನಾನು, ಸರಸಿನ ಡಬ್ಬಿ ಹಿಡಿದು. ನೆಲ ತಣ್ಣಗಿತ್ತು. ಬೇರೇನೂ ಆಗಲಿಲ್ಲ.

ಅಣ್ಣ ಕೊರೆದ, ನಾನು ಹಚ್ಚಿದೆ, ಅವನು ತಿರುವಿದ. ಗೌಡರು ಮೂಲೆಯಲ್ಲಿ ನಿಂತು ಕಾಯುತ್ತಿದ್ದವರು, ಸುಮ್ಮನಿರಲಾರದೆ ಕೇಳಿದರು: "ನೀರ ಹಾಕಿದ್ರ ಯಾಕ ಬಿಚ್ಚತೈತ್ಯೋ ಇದು?"

"ತೊಗಲ ನೆನದ್ರ ಮೆತ್ತಗಾಗತೈತಲ್ರಿ."

"ಯಾವ ತೊಗಲ?"

"ಇದ ರೀ. ಸರಸು. ಎತ್ತಿಂದೋ ಎಮ್ಮಿದೋ, ತೊಗಲ ಕುದಿಸಿ ಮಾಡಿದ್ದು."

ಗೌಡರು ಗೋಡೆಗೆ ಆತುಕೊಂಡರು. "ದೇವರ ಖಾನೇಕ ತೊಗಲ ಹಚ್ಚಿಯೇನಲೇ, ಬಾಡಕೋ!"

"ಬಡಿಗೇರೂ ಇದನ್ನ ಹಚ್ಚೋದ್ರಿ," ಅಂದ ಅಣ್ಣ, ಸ್ಕ್ರೂ ಬಿಗಿಯುತ್ತಾ. "ನಿಮ್ಮ ತೊಟ್ಟಲಾ, ಅಡ್ಡಪಲ್ಲಕ್ಕಿ, ಆ ದೇವರ ಮಂಟಪ. ಎಲ್ಲಾದ್ರಾಗೂ ನಮ್ಮಪ್ಪ ಅದಾನ್ರಿ."

ಗೌಡರು ದೇವರ ಮನೆಯ ಕಡೆ ಒಮ್ಮೆ ನೋಡಿದರು. ಮಂಟಪ ಎಂದಿನಂತೆ ನಿಂತಿತ್ತು, ಗಟ್ಟಿಯಾಗಿ.

ಮೂವತ್ತನೇ ಸ್ಕ್ರೂ ಕೂತಿತು. ಹೆಂಗಸರು ಉಳಿದ ಪಾತ್ರೆ ಜೋಡಿಸಿದರು. ಗೌಡರು ಅಮಸಿದ್ದನಿಗೆ ಕಣ್ಣಲ್ಲೇ ಕೊಡ ತೋರಿಸುವುದನ್ನು ಅಣ್ಣ ಕಂಡ.

"ಎಂಟ ದಿನ ಇದರ ಹತ್ರ ಹನಿ ನೀರ ಬರಬಾರದ್ರಿ. ನೆಲಾನೂ ಸಾರಸಬ್ಯಾಡ್ರಿ. ಹಸಿ ತಳದಿಂದ ಏರತೈತಿ."

ಅದು ಶುದ್ಧ ಸುಳ್ಳು. ಸ್ಕ್ರೂ ಬಿಗಿದ ಆ ಕಪಾಟನ್ನು ಬಾವಿಗೆ ಒಗೆದರೂ ಬಿಚ್ಚುತ್ತಿರಲಿಲ್ಲ. ನಾನು ತಲೆ ತಗ್ಗಿಸಿ ಡಬ್ಬಿ ಒರೆಸಿದೆ.

ಅಣ್ಣ ಬೇಕೆಂದೇ ನಿಧಾನ ವೈರು ಸುತ್ತುತ್ತಿದ್ದಾಗ ಬೀಗರು ಬಂದರು, ಐದು ಜನ. ಹಿರಿಯರು ನೇರ ಕಪಾಟಿನ ಹತ್ತಿರ ಹೋಗಿ ಬಾಗಿಲ ಮೇಲೆ ಅಂಗೈ ಆಡಿಸಿದರು. "ಏನ್ ನುಣುಪು! ಎಲ್ಲಿ ತರಸೀರಿ ಗೌಡ್ರ?"

"ಸೊಲ್ಲಾಪುರದ್ರಿ," ಅಂದರು ಗೌಡರು.

"ಅಲ್ರಿ," ಅಂದ ಅಣ್ಣ ನೆಲದಿಂದ. ಎದ್ದು ನಿಂತ. "ಇಲ್ಲೀದ. ನಂದು. ನಾ ಮಾದರ ಓಣಿ ಧರೆಪ್ಪ. ಪಾಲಿಶ್ ನಮ್ಮ ತಂಗೀದು."

ಹಿರಿಯರ ಕೈ ಬಾಗಿಲ ಮೇಲೇ ನಿಂತಿತು. ಆಮೇಲೆ ಅದನ್ನು ತಮ್ಮದಲ್ಲದ ವಸ್ತುವಿನಂತೆ ಮೈಯಿಂದ ದೂರ ಹಿಡಿದು, "ನೀರ ತರ್ರಿ," ಅಂದರು. ಹೆಂಗಸೊಬ್ಬಳು ತಂಬಿಗೆ ತಂದಳು.

"ಇಲ್ಲಿ ಬ್ಯಾಡ!" ಗೌಡರು ಅಡ್ಡ ಬಂದರು. "ನೀರ ಇಲ್ಲಿ ಬ್ಯಾಡ! ಹೊರಗ, ಹೊರಗ ನಡೀರಿ, ಬಾವಿ ಹತ್ರ..."

ಐವರು ಬೀಗರು ಹೊರಗೆ ನಡೆದರು. ಹಿಂದೆ ಗೌಡರು, ಅವರ ಹಿಂದೆ ಅಮಸಿದ್ದ. ಹೊರಗೆ ಜಗಳವೋ ಸಮಜಾಯಿಷಿಯೋ ಶುರುವಾಯಿತು. ಪಡಸಾಲೆಯಲ್ಲಿ ಉಳಿದವರು ನಾವಿಬ್ಬರೇ.

ಸಿದ್ದಲಿಂಗವ್ವ ಅಡುಗೆಮನೆಯಿಂದ ಬಂದರು. ಮಗಳ ಸಂಬಂಧ ಅಂಗಳದಲ್ಲಿ ತೂಗಾಡುತ್ತಿತ್ತು. ಅವರ ಕಣ್ಣು ಒಮ್ಮೆ ಆ ಕಡೆ ಹೋಗಿ ಬಂತು. ಕಪಾಟಿನ ಬಾಗಿಲು ತೆರೆದು ಎರಡು ತಟ್ಟೆ ತೆಗೆದುಕೊಂಡು ಮತ್ತೆ ಒಳಗೆ ಹೋದರು. ಬಂದಾಗ ತಟ್ಟೆಗಳಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಅಂಚಿಗೆ ಒಂದೊಂದು ಶೇಂಗಾ ಹೋಳಿಗೆ. ಮೊದಲನೆಯದನ್ನು ಅಣ್ಣನ ಮುಂದೆ ಇಟ್ಟರು. ಎರಡನೆಯದನ್ನು ನೆಲಕ್ಕಿಡಲಿಲ್ಲ. ಸರಸು ಹತ್ತಿದ ನನ್ನ ಕೈಗೆ ಕೊಟ್ಟು, ನಾನು ಗಟ್ಟಿ ಹಿಡಿಯುವತನಕ ತಮ್ಮ ಕೈ ಬಿಡದೆ ನಿಂತರು.